ಗೆಲ್ಲುವ ಕುದುರೆಯೂ ಕಾಲುವೆಯ ನೀರೂ

ಹಂಪೆಯ ಮಹಾನವಮಿ ದಿಬ್ಬದ ಮಗ್ಗುಲ ಕಲ್ಲುಗಳಲ್ಲಿ ಕುದುರೆಗಳನ್ನು ನಡೆಸಿಕೊಂಡು ಬರುವ ಪರದೇಶದ ವರ್ತಕರನ್ನು ಕೆತ್ತಿದ್ದಾರೆ. ಸಮುದ್ರ ದಾಟಿ ಬಂದ ಆ ಕುದುರೆಗಳಿಗಾಗಿ ವಿಜಯನಗರದ ಬೊಕ್ಕಸದಿಂದ ಹರಿದ ಹೊನ್ನಿಗೆ ಲೆಕ್ಕವಿಲ್ಲ. ಹದಿನಾರನೆಯ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸರವನಾದ ನೂನಿಜ್ ಬರೆದಿಟ್ಟ ವೃತ್ತಾಂತದಲ್ಲಿ ಒಂದು ಸೋಜಿಗದ ಸಂಗತಿಯಿದೆ. ಸಾಳುವ ನರಸಿಂಹನು ಬದುಕಿರುವ ಕುದುರೆಗೆ ಕೊಟ್ಟಷ್ಟೇ ಬೆಲೆಯನ್ನು ಸತ್ತ ಕುದುರೆಗೂ ಕೊಡುತ್ತಿದ್ದನಂತೆ. ಹಡಗಿನಲ್ಲಿ ಸತ್ತುಹೋದುದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತಂತೆ. ಕುದುರೆಗಳು ಶತ್ರುವಿನ ಪಾಲಾಗಬಾರದು ಎಂಬ ಮುಂದಾಲೋಚನೆ ಅದರ ಹಿಂದಿದ್ದಿರಬೇಕು.

ಈಗ ಅದೇ ನೆಲದ ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಮತ್ತೆ ಕುದುರೆಯ ಮಾತೇ ಮಾತು. ‘ಗೆಲ್ಲುವ ಕುದುರೆ ಯಾವುದು?’ ಎಂದು ಪಕ್ಷದ ಕಚೇರಿಗಳಲ್ಲಿ ಕೇಳುತ್ತಾರೆ. ಪತ್ರಿಕೆಗಳು ಅದನ್ನೇ ತಲೆಬರಹ ಮಾಡುತ್ತವೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ವಗ್ಗರಣಿ-ಮಿರ್ಚಿಯ ತಟ್ಟೆಯನ್ನು ಮುಂದಿಟ್ಟುಕೊಂಡವರೂ ಅದನ್ನೇ ಕೇಳುತ್ತಾರೆ. ಗೆದ್ದ ಮೇಲೆ ಕುದುರೆ ಲಾಯ ಬದಲಾಯಿಸಿದರೆ ಅದಕ್ಕೆ ‘ಕುದುರೆ ವ್ಯಾಪಾರ’ವೆಂಬ ಹೆಸರು ಸಿದ್ಧವಾಗಿದೆ. ನನ್ನ ಕುತೂಹಲ ಬೇರೆ. ಓಟು ಹಾಕುವವನು ಕುದುರೆಯ ಓಟವನ್ನು ನೋಡಿ ಹಾಕುತ್ತಾನೆಯೋ, ತನ್ನ ಹೊಲದ ಕಾಲುವೆಗೆ ಬರುವ ನೀರನ್ನು ನೋಡಿ ಹಾಕುತ್ತಾನೆಯೋ? ಎರಡನ್ನೂ ನೋಡುತ್ತಾನೆ ಎಂಬುದು ಸುಲಭದ ಉತ್ತರ. ಯಾವುದನ್ನು ಯಾವಾಗ ಎಷ್ಟು ತೂಗುತ್ತಾನೆ ಎಂಬುದು ಅಷ್ಟು ಸುಲಭವಲ್ಲ.

ನಾನು ರಾಜ್ಯಶಾಸ್ತ್ರ ಓದಿದವನಲ್ಲ, ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು. ಆದರೂ ಸರಕಾರ ನನ್ನಂಥವರನ್ನು ಚುನಾವಣೆಯ ಕೆಲಸಕ್ಕೆ ಮತಗಟ್ಟೆಗಳಿಗೆ ಕಳುಹಿಸುತ್ತದೆ. ಹಿಂದಿನ ದಿನವೇ ಯಂತ್ರದ ಪೆಟ್ಟಿಗೆಗಳೊಡನೆ ಹಳ್ಳಿಗೆ ಹೋಗಿ, ಶಾಲೆಯ ಕೋಣೆಯಲ್ಲಿ ಬೆಂಚುಗಳನ್ನು ಜೋಡಿಸಿಕೊಂಡು ಮಲಗಿ, ಬೆಳಗ್ಗೆ ಏಳಕ್ಕೆ ಬಾಗಿಲು ತೆರೆದರೆ ಸಂಜೆಯವರೆಗೆ ಬೆರಳುಗಳ ಮೆರವಣಿಗೆ. ಗಣಿಯ ಕೆಂಧೂಳು ಉಗುರಿನ ಸಂದಿಗಿಳಿದ ಬೆರಳು, ಕಬ್ಬಿನ ಗರಿ ಗೀರಿದ ಬೆರಳು, ಬೀಡಿಯ ಹಳದಿ ಹತ್ತಿದ ಬೆರಳು, ಮೊದಲ ಸಲ ಬಂದ ವಿದ್ಯಾರ್ಥಿನಿಯ ಗೋರಂಟಿ ಬೆರಳು, ಎಲ್ಲಕ್ಕೂ ಮೈಸೂರಿನ ಕಾರ್ಖಾನೆಯ ಅದೇ ಶಾಯಿ. ರಟ್ಟಿನ ಮರೆಯ ಹಿಂದೆ ಅವರು ಏನನ್ನು ತೂಗಿದರೆಂಬುದು ನನಗೆ ಕಾಣದು, ಕಾಣಲೂ ಕೂಡದು. ಆದರೆ ಮುಂದೆಯೋ ಹಿಂದೆಯೋ, ಕಟ್ಟೆಯ ಮೇಲೆ, ಬಸ್ಸಿನಲ್ಲಿ, ತರಗತಿಯ ಹೊರಗೆ, ಜನ ತಾವಾಗಿಯೇ ಹೇಳಿಕೊಳ್ಳುವುದನ್ನು ಕೇಳುವುದಕ್ಕೆ ಅಡ್ಡಿಯಿಲ್ಲವಷ್ಟೆ.

ಶಬ್ದಗಳ ಜಾಡು ಹಿಡಿಯುವುದು ನನ್ನ ವೃತ್ತಿಯಾದುದರಿಂದ ಒಂದೆರಡು ಶಬ್ದಗಳನ್ನು ಇಲ್ಲಿಯೇ ನೋಡಿಬಿಡೋಣ. ಚುನಾವಣೆಗೆ ನಿಂತವನನ್ನು ನಮ್ಮ ಹಿರಿಯರು ‘ಉಮೇದುವಾರ’ನೆನ್ನುತ್ತಿದ್ದರು, ಆಸೆಯನ್ನು ಇಟ್ಟುಕೊಂಡವನು ಎಂದರ್ಥ. ಈಗ ‘ಅಭ್ಯರ್ಥಿ’ ಎನ್ನುತ್ತೇವೆ, ಬೇಡುವವನು ಎಂದರ್ಥ. ಆಸೆಯಿಂದ ಬೇಡಿಕೆಗೆ ಬಂದದ್ದು ಏರಿಕೆಯೋ ಇಳಿಕೆಯೋ ವಾಚಕರೇ ಹೇಳಬೇಕು. ಇನ್ನು ‘ಮತ’. ಕನ್ನಡದಲ್ಲಿ ಅದು ಅಭಿಪ್ರಾಯವೂ ಹೌದು, ಧರ್ಮವೂ ಹೌದು, ಓಟೂ ಹೌದು. ಮೂರನ್ನೂ ಒಂದೇ ಚೀಲದಲ್ಲಿ ತುಂಬಿದ ಭಾಷೆಯವರು ಮೂರನ್ನೂ ಬೇರೆ ಬೇರೆಯಾಗಿ ತೂಗುವುದನ್ನು ಕಲಿಯಬೇಕಾಗಿ ಬಂದಿದೆ. ಅವರು ಕಲಿತೂ ಇದ್ದಾರೆ, ನಾವು ಓದಿದವರು ಭಾವಿಸಿರುವುದಕ್ಕಿಂತ ಚೆನ್ನಾಗಿಯೇ.

ಅಮೆರಿಕದಲ್ಲಿ ಪಕ್ಷದ ಉಮೇದುವಾರ ಯಾರಾಗಬೇಕೆಂಬುದನ್ನು ಒಂದೊಂದು ಸಂಸ್ಥಾನದಲ್ಲಿಯೂ ಪಕ್ಷದ ಕಡೆಯ ಮತದಾರರೇ ಮೊದಲು ಓಟು ಹಾಕಿ ತಿಳಿಸುವ ಪದ್ಧತಿಯಿದೆ. ಅದಕ್ಕೆ ಪ್ರೈಮರಿ ಎನ್ನುತ್ತಾರೆ. ಅಲ್ಲಿ ಎರಡು ತಕ್ಕಡಿಗಳೂ ಬಯಲಿನಲ್ಲಿಯೇ ತೂಗುತ್ತವೆ. ಜೋಳ ಬೆಳೆಯುವ ಅಯೋವಾ ಮೊದಲ ಸರದಿಯ ಸಂಸ್ಥಾನವಾಗಿದ್ದಷ್ಟು ಕಾಲ, ಅಧ್ಯಕ್ಷ ಪದವಿಗೆ ಆಸೆಪಟ್ಟವರೆಲ್ಲ ಜೋಳದಿಂದ ತೆಗೆಯುವ ಎಥನಾಲಿನ ಪರವಾಗಿ ಒಂದು ಮಾತು ಆಡಲೇಬೇಕಾಗಿತ್ತು. ಇದು ಊರಿನ ಪ್ರಶ್ನೆಯ ತೂಕ. 2020ರಲ್ಲಿ ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರಾಗಿ, ನ್ಯೂ ಹ್ಯಾಂಪ್‌ಶೈರಿನಲ್ಲಿ ಐದನೆಯವರಾಗಿ ಬಂದು ಮುಗಿದೇಹೋದರೆಂಬ ಹೊತ್ತಿಗೆ ದಕ್ಷಿಣ ಕ್ಯಾರೊಲಿನಾದಲ್ಲಿ ಗೆದ್ದರು. ಆ ಬಳಿಕ ‘ಎದುರು ಪಕ್ಷವನ್ನು ಸೋಲಿಸಬಲ್ಲವನು ಇವನೇ’ ಎಂಬ ನಂಬಿಕೆ ಅವರ ಬೆನ್ನಿಗೆ ಬಂತು. ಇದು ಗೆಲ್ಲುವ ಕುದುರೆಯ ತೂಕ.

ನಮ್ಮಲ್ಲಿ ಟಿಕೆಟ್ಟು ಬೆಂಗಳೂರಿನಲ್ಲಿ ಹುಟ್ಟಿ ದೆಹಲಿಯಲ್ಲಿ ನಾಮಕರಣವಾಗಿ ಊರಿಗೆ ಬರುತ್ತದೆ. ಮತದಾರನ ಪಾತ್ರ ಅದಾದ ಮೇಲಿನದು. ಪ್ರಯೋಗಗಳು ನಡೆದೇ ಇಲ್ಲವೆಂದಲ್ಲ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ಸು ದೇಶದ ಕೆಲವು ಕ್ಷೇತ್ರಗಳಲ್ಲಿ ಪಕ್ಷದೊಳಗೇ ಮತದಾನ ನಡೆಸಿ ಉಮೇದುವಾರರನ್ನು ಆರಿಸಿತು. ಕರ್ನಾಟಕದ ಪಾಲಿಗೆ ಬಂದದ್ದು ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿಯವರೂ, ದಕ್ಷಿಣ ಕನ್ನಡದಲ್ಲಿ ಹಿಂದೆ ಹಲವು ಸಲ ಸೋಲು ಕಂಡಿದ್ದ ಹಿರಿಯರಾದ ಜನಾರ್ದನ ಪೂಜಾರಿಯವರೂ ಪಕ್ಷದವರ ಓಟಿನಲ್ಲಿ ಗೆದ್ದರು. ಊರವರ ಓಟಿನಲ್ಲಿ ಇಬ್ಬರೂ ಸೋತರು. ಪಕ್ಷದವರು ಪ್ರೀತಿಯನ್ನು ತೂಗಿದ್ದರೆಂದು ತೋರುತ್ತದೆ; ಕುದುರೆಯನ್ನಲ್ಲ. 2023ರ ಮಾರ್ಚ್ ಕೊನೆಯಲ್ಲಿ ಭಾರತೀಯ ಜನತಾ ಪಕ್ಷವೂ ತನ್ನ ಸ್ಥಳೀಯ ಪದಾಧಿಕಾರಿಗಳಿಂದ ಗುಟ್ಟಾಗಿ ಹೆಸರುಗಳನ್ನು ಬರೆಯಿಸಿಕೊಂಡಿತು. ಆದರೆ ಆ ಚೀಟಿಗಳು ಸಲಹೆಯಾಗಿ ಉಳಿದುವೇ ಹೊರತು ತೀರ್ಪಾಗಲಿಲ್ಲ. ಅದೇ ಚುನಾವಣೆಗೆ ಕಾಂಗ್ರೆಸ್ಸು ಅರ್ಜಿಯೊಂದಕ್ಕೆ ಎರಡು ಲಕ್ಷ ರೂಪಾಯಿ, ಪರಿಶಿಷ್ಟರಿಗೆ ಒಂದು ಲಕ್ಷ ಎಂದು ನಿಗದಿ ಮಾಡಿತ್ತು. ಉಮೇದುವಾರನ ಉಮೇದಿಗೂ ಶುಲ್ಕ!

ಹೀಗೆ ಆಯ್ಕೆಯ ಮೊದಲ ಬಾಗಿಲು ಮುಚ್ಚಿರುವಾಗ ಮತದಾರನು ತನ್ನ ಊರಿನ ಪ್ರಶ್ನೆಯನ್ನು ಎರಡನೆಯ ಬಾಗಿಲಲ್ಲಿಯೇ ಚೌಕಾಶಿ ಮಾಡಬೇಕಾಗುತ್ತದೆ. ಆ ಚೌಕಾಶಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಹೊಸಪೇಟೆಯಷ್ಟು ಒಳ್ಳೆಯ ಉದಾಹರಣೆ ನಾನು ಬೇರೆ ಕಂಡಿಲ್ಲ. ಈ ಊರು ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ. ವಿಧಾನಸಭೆಯ ಲೆಕ್ಕದಲ್ಲಿ 2008ರಿಂದ ಇದರ ಹೆಸರು ವಿಜಯನಗರ ಕ್ಷೇತ್ರ. ಜಿಲ್ಲೆ ಹುಟ್ಟುವ ಎಷ್ಟೋ ವರ್ಷ ಮೊದಲೇ ಕ್ಷೇತ್ರ ಆ ಹೆಸರನ್ನು ತೊಟ್ಟುಕೊಂಡಿತ್ತು.

2008ರಲ್ಲಿಯೂ 2013ರಲ್ಲಿಯೂ ಇಲ್ಲಿಂದ ಗೆದ್ದವರು ಭಾರತೀಯ ಜನತಾ ಪಕ್ಷದ ಆನಂದ ಸಿಂಗ್. 2018ಕ್ಕೆ ಅವರು ಕಾಂಗ್ರೆಸ್ಸಿಗೆ ಬಂದರು. ಅವರ ಎದುರು ಭಾರತೀಯ ಜನತಾ ಪಕ್ಷದಿಂದ ನಿಂತವರು ಎಚ್.ಆರ್. ಗವಿಯಪ್ಪ. ಸುಮಾರು ಎಂಟು ಸಾವಿರ ಮತಗಳಿಂದ ಸಿಂಗ್ ಗೆದ್ದರು. ಐದು ವರ್ಷದ ಬಳಿಕ, 2023ರಲ್ಲಿ, ಅದೇ ಗವಿಯಪ್ಪನವರು ಕಾಂಗ್ರೆಸ್ಸಿನಿಂದ ನಿಂತರು. ಎದುರಿಗೆ ಆನಂದ ಸಿಂಗರ ಮಗ ಸಿದ್ಧಾರ್ಥ ಸಿಂಗ್ ಭಾರತೀಯ ಜನತಾ ಪಕ್ಷದಿಂದ. ಗವಿಯಪ್ಪನವರು ಮೂವತ್ತು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಇಸ್ಪೀಟು ಆಡುವವರು ಆಟದ ನಡುವೆ ಎದ್ದು ಕುರ್ಚಿಗಳನ್ನು ಅದಲುಬದಲು ಮಾಡಿಕೊಂಡು ಕುಳಿತಂತೆ! ಪಕ್ಷದ ಚಿಹ್ನೆಯನ್ನು ಮಾತ್ರ ನೋಡಿ ಓಟು ಹಾಕುವವನಾಗಲಿ, ಮುಖವನ್ನು ಮಾತ್ರ ನೋಡಿ ಹಾಕುವವನಾಗಲಿ ಇಂಥಲ್ಲಿ ಕಂಗಾಲಾಗಬೇಕು. ಹೊಸಪೇಟೆಯ ಮತದಾರ ಕಂಗಾಲಾದಂತೆ ಕಾಣಲಿಲ್ಲ.

ಈ ಎರಡು ಚುನಾವಣೆಗಳ ನಡುವೆ ನಡೆದುದೇ ನನ್ನ ವಿಷಯದ ತಿರುಳು. 2019ರ ಜುಲೈ 1ರಂದು ಆನಂದ ಸಿಂಗ್ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅವರು ಮುಂದಿಟ್ಟ ಕಾರಣ ಊರಿನದೇ. ಸಂಡೂರು ತಾಲೂಕಿನ ತೋರಣಗಲ್ಲಿನ ಬಳಿ ಉಕ್ಕಿನ ಕಾರ್ಖಾನೆಯ ಜಿಂದಾಲ್ ಕಂಪನಿಗೆ 3,667 ಎಕರೆ ಭೂಮಿಯನ್ನು ಮಾರಿಕೊಡುವ ಅಂದಿನ ಸಮ್ಮಿಶ್ರ ಸರಕಾರದ ತೀರ್ಮಾನವನ್ನು ಅವರು ವಿರೋಧಿಸಿದ್ದರು. ಮುಂದೆ ಸರಕಾರ ಬಿತ್ತು. ಸಭಾಧ್ಯಕ್ಷರು ರಾಜೀನಾಮೆ ಕೊಟ್ಟವರನ್ನು ಅನರ್ಹರೆಂದು ಸಾರಿದರು. ಸುಪ್ರೀಂ ಕೋರ್ಟು ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿದು, ಮರಳಿ ಚುನಾವಣೆಗೆ ನಿಲ್ಲುವುದಕ್ಕೆ ಅವಕಾಶವನ್ನೂ ಕೊಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯ ಹೊತ್ತಿಗೆ ಜಿಂದಾಲ್ ಭೂಮಿಯ ಮಾತು ಹಿಂದೆ ಸರಿದು ಬೇರೊಂದು ಮಾತು ಮುಂದೆ ಬಂದಿತ್ತು: ಬಳ್ಳಾರಿಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಬೇಕು.

ಈ ಬೇಡಿಕೆ ಪೊಳ್ಳಾಗಿರಲಿಲ್ಲ. ಹರಪನಹಳ್ಳಿಯ ರೈತನೊಬ್ಬ ಜಿಲ್ಲಾಧಿಕಾರಿಯ ಕಚೇರಿಗೆಂದು ಬಳ್ಳಾರಿಗೆ ಹೋಗಬೇಕಾದರೆ ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಹೋಗಿಬರುವುದರಲ್ಲಿ ದಿನ ಮುಗಿಯುತ್ತಿತ್ತು, ಸಾಹೇಬರು ಸಿಗದಿದ್ದರೆ ಎರಡು ದಿನ. ಬಳ್ಳಾರಿಯವರಿಗಾದರೋ ಹಂಪೆಯನ್ನೂ ಅಣೆಕಟ್ಟನ್ನೂ ಕಳೆದುಕೊಳ್ಳುವ ಸಂಕಟ. ಅಲ್ಲಿ ಪ್ರತಿಭಟನೆಗಳು ನಡೆದುವು. ಉಪಚುನಾವಣೆಯಲ್ಲಿ ಸಂಡೂರಿನ ಘೋರ್ಪಡೆ ಮನೆತನದ ವೆಂಕಟರಾವ್ ಘೋರ್ಪಡೆಯವರು ಕಾಂಗ್ರೆಸ್ಸಿನಿಂದ ನಿಂತಿದ್ದರು. ಆನಂದ ಸಿಂಗ್ ಸುಮಾರು ಮೂವತ್ತು ಸಾವಿರ ಮತಗಳಿಂದ ಗೆದ್ದರು, ಮಂತ್ರಿಯಾದರು. 2021ರ ಫೆಬ್ರವರಿ 8ರಂದು ಆದೇಶ ಹೊರಟಿತು. ಅಕ್ಟೋಬರ್ 2ರಂದು ಉದ್ಘಾಟನೆಯೂ ಆಯಿತು. ವಿಜಯನಗರ ಕರ್ನಾಟಕದ 31ನೆಯ ಜಿಲ್ಲೆಯಾಯಿತು. ಕೊಟ್ಟ ಮಾತು ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ನಡೆದದ್ದು ನಮ್ಮ ರಾಜಕೀಯದಲ್ಲಿ ಅಪರೂಪ ಎಂಬುದನ್ನು ಯಾವ ಪಕ್ಷದವರೂ ಒಪ್ಪಬೇಕು.

ಎರಡು ವರ್ಷ ಕಳೆಯುವುದರೊಳಗೆ ಅದೇ ಊರು ಅದೇ ಮನೆಯ ಮಗನನ್ನು ಸೋಲಿಸಿತು.

ಇದನ್ನು ಉಪಕಾರಸ್ಮರಣೆಯಿಲ್ಲದ ನಡತೆ ಎಂದು ಬೈದವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. 2019ರ ಓಟು ಜಿಲ್ಲೆಗೆ ಕೊಟ್ಟ ಮುಂಗಡವಾಗಿತ್ತು. ಜಿಲ್ಲೆ ಬಂದಾಗ ಲೆಕ್ಕ ಚುಕ್ತಾ ಆಯಿತು. ಮಂತ್ರಿಯಾಗಬಲ್ಲವನನ್ನು ಗೆಲ್ಲಿಸಿದರೆ ಜಿಲ್ಲೆಯಾದೀತು ಎಂದು ಊರು ಎಣಿಸಿತ್ತು. ಅಂದರೆ ಆ ಸಲ ಊರಿನ ಪ್ರಶ್ನೆಯೂ ಗೆಲ್ಲುವ ಕುದುರೆಯೂ ಒಂದೇ ತಟ್ಟೆಯಲ್ಲಿ ಕುಳಿತಿದ್ದುವು. ತಂದೆಯ ಹೆಸರಿನಲ್ಲಿ ಮಗ ಬಂದಾಗ ತಟ್ಟೆ ಖಾಲಿಯಾಗಿತ್ತು. ಆ ವರ್ಷ ರಾಜ್ಯದಲ್ಲೆಲ್ಲ ಬೀಸಿದ ಗಾಳಿ, ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳು, ಅಡಿಗೆ ಅನಿಲದ ಬೆಲೆ, ಇವೆಲ್ಲ ಅದರೊಳಗೆ ಸೇರಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಜಿಲ್ಲೆಯಾದ ಮೇಲೆ ಹೊಸಪೇಟೆಯವರ ಮಾತು ಬಲುಬೇಗ ಹಳೆಯ ಸಂಗತಿಗಳಿಗೇ ಹಿಂದಿರುಗಿತು. ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆ ಮುಚ್ಚಿದ ಬಳಿಕ ಇಲ್ಲಿಯ ಕಬ್ಬು ಲಾರಿಗಳಲ್ಲಿ ಹೊರಗಿನ ಕಾರ್ಖಾನೆಗಳಿಗೆ ಹೋಗಬೇಕಾಗಿ ಬಂತು. ಗಾಣದ ಬೆಲ್ಲಕ್ಕೆ ಸಿಕ್ಕಿದ ಬೆಲೆಯೇ ಬೆಲೆ. ಕಬ್ಬು ಬೆಳೆಯುವ ಹಿರಿಯರೊಬ್ಬರು ಬಸ್ಸಿನಲ್ಲಿ ನನಗೆ ಹೇಳಿದ ಮಾತು ಇದು: “ಜಿಲ್ಲಾ ಆತು, ಛಲೋ ಆತ್ರಿ ಸಾರ್. ಡಿಸಿ ಆಫೀಸು ಹತ್ರ ಬಂತು. ಕಬ್ಬು ಇನ್ನಾ ದೂರನ ಹೊಂಟೈತಿ.”

ಇನ್ನು ಜಿಂದಾಲಿನ ಆ 3,667 ಎಕರೆ ಏನಾಯಿತು ಎಂದು ವಾಚಕರು ಕೇಳಬಹುದು. 2021ರ ಏಪ್ರಿಲಿನಲ್ಲಿ ಯಡಿಯೂರಪ್ಪನವರ ಸಂಪುಟವೂ ಮಾರಾಟಕ್ಕೆ ಒಪ್ಪಿ, ಪಕ್ಷದೊಳಗಿಂದಲೇ ವಿರೋಧ ಬಂದುದರಿಂದ ಮರುತಿಂಗಳು ತಡೆಹಿಡಿಯಿತು. 2024ರ ಆಗಸ್ಟಿನಲ್ಲಿ ಸಿದ್ದರಾಮಯ್ಯನವರ ಸಂಪುಟ ಒಪ್ಪಿಗೆ ನೀಡಿತು. ರಾಜೀನಾಮೆಗೆ ಕಾರಣವಾದ ಪ್ರಶ್ನೆ ಮೂರು ಸರಕಾರಗಳ ಮೇಜಿನ ಮೇಲೆ ಹಾದು ಹೋಯಿತು. ಅದರ ಮೇಲೆ ಯಾವ ಮತದಾರನೂ ಎಂದೂ ನೇರವಾಗಿ ಓಟು ಹಾಕಲಿಲ್ಲ. ಊರಿನ ಪ್ರಶ್ನೆಗಳಲ್ಲಿಯೂ ಹೀಗೆ ಎರಡು ಜಾತಿ. ಕೆಲವು ಮತಪತ್ರದವರೆಗೆ ಬರುತ್ತವೆ. ಕೆಲವು ದಾರಿಯಲ್ಲಿಯೇ ಇಳಿದುಬಿಡುತ್ತವೆ.

ದಾರಿಯಲ್ಲಿ ಇಳಿದುದಕ್ಕೆ ಹಂಪೆಗಿಂತ ಮನಮುಟ್ಟುವ ಸಾಕ್ಷಿ ಬೇಕಿಲ್ಲ. 1986ರಲ್ಲಿ ಹಂಪೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಗೂ ವಿರೂಪಾಪುರಗಡ್ಡೆಗೂ ಸೇತುವೆ ಕಟ್ಟಹೊರಟದ್ದರಿಂದ 1999ರಲ್ಲಿ ಅಪಾಯದ ಪಟ್ಟಿಗೆ ಹೋಗಿ 2006ರಲ್ಲಿ ಪಾರಾಯಿತು. 2011ರ ಜುಲೈ 29ರಂದು ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಕಲ್ಲುಮಂಟಪಗಳಲ್ಲಿ ಬಹುಕಾಲದಿಂದ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಯಂತ್ರ ತಂದು ತೆರವು ಮಾಡಿದರು. ಅವರಿಗೆ ಕಡ್ಡಿರಾಂಪುರದ ಬಳಿ ಜಾಗ ತೋರಿಸಿದರು. ಸ್ಮಾರಕ ಉಳಿಯಬೇಕೆಂಬವರಲ್ಲಿ ನಾನೂ ಒಬ್ಬ. ಆದರೆ ಆ ಬಜಾರು ಹುಟ್ಟಿದ್ದೇ ಅಂಗಡಿಗಳಿಗಾಗಿ ಎಂಬುದನ್ನು ಮರೆತು ಅದನ್ನು ಉಳಿಸಹೊರಟರೆಂಬ ಕಸಿವಿಸಿ ನನಗೆ ಇಂದಿಗೂ ಹೋಗಿಲ್ಲ. ಇದು ಇಡೀ ಊರಿನ ಅಳಿವುಉಳಿವಿನ ಪ್ರಶ್ನೆಯಾಗಿತ್ತು. ಆದರೂ ಮುಂದಿನ ಚುನಾವಣೆಯಲ್ಲಿ ಅದರ ಹೆಸರೆತ್ತಿ ಗೆದ್ದವರಿಲ್ಲ, ಸೋತವರೂ ಇಲ್ಲ. ಕಾರಣ ಸರಳವಾದುದು. ಲೋಕವೆಲ್ಲ ಬಲ್ಲ ಹಂಪೆಯಲ್ಲಿ ಮತದಾರರು ಒಂದು ಹಳ್ಳಿಯಷ್ಟು. ಹೊಸಪೇಟೆಯ ಒಂದೆರಡು ಕೇರಿಗಳು ಸೇರಿದರೆ ಅವರನ್ನು ಮೀರಿಸುತ್ತವೆ. ಮೇಲಾಗಿ ಅಲ್ಲಿಯ ಮನೆಗೆ ಒಂದು ಗೋಡೆ ಎಬ್ಬಿಸಬೇಕಾದರೆ ಪುರಾತತ್ತ್ವ ಇಲಾಖೆಯ, ಪ್ರಾಧಿಕಾರದ ಅನುಮತಿ ಬೇಕು. ಶಾಸಕನು ಮಾತು ಕೊಟ್ಟರೂ ನಡೆಸುವ ಅಧಿಕಾರ ಅವನಲ್ಲಿಲ್ಲ. ಸಂಖ್ಯೆಯಿಲ್ಲದ ಸಂಕಟವನ್ನು ಯಾವ ತಕ್ಕಡಿಯೂ ತೂಗಲಾರದು.

ಸಂಡೂರಿನ ಕಥೆ ಇದಕ್ಕೆ ತಲೆಕೆಳಗು. ಇಲ್ಲಿ ಸಂಕಟ ಎಲ್ಲರದು, ಆದುದರಿಂದಲೇ ಬಾಯಿಬಿಟ್ಟು ಹೇಳುವವರು ಕಡಿಮೆ. ಸಣ್ಣ ಸಂಸ್ಥಾನವಾಗಿದ್ದು 1949ರಲ್ಲಿ ಮದರಾಸು ಪ್ರಾಂತಕ್ಕೆ ಸೇರಿದ ಈ ಊರು ಬೆಟ್ಟಗಳ ಬೊಗಸೆಯಲ್ಲಿದೆ. ಆ ಬೆಟ್ಟಗಳೆಲ್ಲ ಕಬ್ಬಿಣ, ಮ್ಯಾಂಗನೀಸು. ರಾಜಮನೆತನದ ಎಂ.ವೈ. ಘೋರ್ಪಡೆಯವರು ದೇವರಾಜ ಅರಸರ ಕಾಲದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ಕಾಡುಮೃಗಗಳ ಛಾಯಾಚಿತ್ರಗಳಿಂದ ಲೋಕದಲ್ಲಿ ಹೆಸರಾದವರು. 1993ರ ಪಂಚಾಯತ ರಾಜ್ ಕಾನೂನು ಬಂದಾಗ ಆ ಇಲಾಖೆಯ ಮಂತ್ರಿಯೂ ಅವರೇ. ಆ ಕಾನೂನಿನ ಗ್ರಾಮ ಪಂಚಾಯತ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಪ್ರವೇಶವಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಗಾಳಿಯಿಲ್ಲದೆ ನಲ್ಲಿಯನ್ನೂ ಚರಂಡಿಯನ್ನೂ ನೋಡಿ ಓಟು ಹಾಕಬಹುದಾದ ಸ್ಥಳ ನಮಗೆ ಉಳಿದಿರುವುದು ಅದೊಂದೇ.

2008ರಿಂದ ಸಂಡೂರೂ ಕಂಪ್ಲಿಯೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು. 2004ರಲ್ಲಿ ಸಂಡೂರಿನಿಂದ ಗೆದ್ದಿದ್ದ ಸಂತೋಷ್ ಲಾಡ್ ಕಲಘಟಗಿಗೆ ಹೋದರು. ಸಂಡೂರಿನಲ್ಲಿ ಕಾಂಗ್ರೆಸ್ಸಿನ ಇ. ತುಕಾರಾಮ್ 2008ರಿಂದ 2023ರವರೆಗೆ ನಾಲ್ಕು ಸಲ ಬಿಡದೆ ಗೆದ್ದರು. ಈ ಹದಿನೈದು ವರ್ಷಗಳಲ್ಲಿ ಆ ಬೆಟ್ಟಗಳ ಮೇಲೆ ಏನೇನು ನಡೆಯಿತು! ಲಾರಿಗಳ ಸಾಲು, ರಸ್ತೆಬದಿಯ ಬೆಳೆಯ ಮೇಲೆಲ್ಲ ಕೆಂಪು ಹೊದಿಕೆ. 2010ರಲ್ಲಿ ಸಿದ್ದರಾಮಯ್ಯನವರ ಬೆಂಗಳೂರು-ಬಳ್ಳಾರಿ ಪಾದಯಾತ್ರೆ. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ. ಅದೇ ತಿಂಗಳ 29ರಂದು, ಹಂಪೆಯ ಬಜಾರು ತೆರವಾದ ದಿನವೇ, ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟಿನ ತಡೆ. 2013ರ ಏಪ್ರಿಲಿನಲ್ಲಿ ಗಣಿಗಳನ್ನು ಮೂರು ವರ್ಗ ಮಾಡಿ ಕೆಟ್ಟವನ್ನು ರದ್ದುಮಾಡಿದ ತೀರ್ಪು. ಆ ತಡೆಯ ಕಾಲದಲ್ಲಿ ಧೂಳು ಕಡಿಮೆಯಾಯಿತು, ಅದರೊಡನೆ ಕೂಲಿಯೂ ಕಡಿಮೆಯಾಯಿತು. ಸಾಲ ಮಾಡಿ ಲಾರಿ ಕೊಂಡವರು ಅದನ್ನು ಮನೆಯ ಮುಂದೆ ನಿಲ್ಲಿಸಿ ಕಂತು ಕಟ್ಟಲಾರದೆ ಕುಳಿತರು. ನನ್ನ ವಿದ್ಯಾರ್ಥಿಗಳಲ್ಲಿಯೇ ಅಂಥ ಮನೆಯವರಿದ್ದರು. ಗಣಿಯ ಧೂಳಿನಿಂದ ಕೆಮ್ಮುವ ತಂದೆಯೂ ಗಣಿಯ ಸಂಬಳದಿಂದ ಓದುವ ಮಗನೂ ಒಂದೇ ಸೂರಿನಲ್ಲಿರುವಾಗ ‘ಗಣಿ ನಿಲ್ಲಲಿ’ ಎಂದು ಭಾಷಣ ಮಾಡುವ ಉಮೇದುವಾರ ಗೆಲ್ಲುವ ಕುದುರೆಯಾಗಲಾರ. ಅದು ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲರೂ ರಸ್ತೆ, ಆಸ್ಪತ್ರೆ, ಗಣಿಬಾಧಿತರ ನಿಧಿ ಎಂದು ಸುತ್ತಿ ಬಳಸಿ ಮಾತನಾಡುತ್ತಾರೆ.

2024ರಲ್ಲಿ ತುಕಾರಾಮರು ಬಳ್ಳಾರಿಯಿಂದ ಲೋಕಸಭೆಗೆ ಗೆದ್ದರು; ಸೋತವರು ಬಿ. ಶ್ರೀರಾಮುಲು. ಆ ಜೂನಿನಲ್ಲಿ ಕೇಂದ್ರದ ಉಕ್ಕಿನ ಮಂತ್ರಿಯಾದ ಎಚ್.ಡಿ. ಕುಮಾರಸ್ವಾಮಿಯವರು ಸಂಡೂರಿನ ದೇವದಾರಿ ಬೆಟ್ಟದ ಗಣಿಯ ಕಡತಕ್ಕೆ ಸಹಿ ಹಾಕಿದರು. ಕಾಡು ಹೋಗುವುದೆಂದು ಕೂಗೆದ್ದು ರಾಜ್ಯ ಸರಕಾರ ಅರಣ್ಯಭೂಮಿಯ ಹಸ್ತಾಂತರಕ್ಕೆ ತಡೆಯೊಡ್ಡಿತು. ಇದರ ಬೆನ್ನಿಗೇ ನವೆಂಬರ್ 13ರ ಉಪಚುನಾವಣೆ. ಕಾಂಗ್ರೆಸ್ಸಿನಿಂದ ತುಕಾರಾಮರ ಪತ್ನಿ ಅನ್ನಪೂರ್ಣಾ. ಎದುರಿಗೆ ಬಂಗಾರು ಹನುಮಂತು. ಅನ್ನಪೂರ್ಣಾ ಗೆದ್ದರು, ಆದರೆ 2023ರಲ್ಲಿ ಮೂವತ್ತು ಸಾವಿರವನ್ನು ಮೀರಿದ್ದ ಅಂತರ ಒಂಬತ್ತು ಸಾವಿರ ಚಿಲ್ಲರೆಗೆ ಇಳಿದಿತ್ತು. ಗೆಲುವನ್ನು ನೋಡುವವರು ಗೆಲುವನ್ನೇ ನೋಡುತ್ತಾರೆ. ನನಗೆ ಅಂತರ ಹೆಚ್ಚು ಮಾತನಾಡುವಂತೆ ಕಾಣುತ್ತದೆ. ಮತದಾರನಿಗೆ ಸೋಲಿಸುವ ಮನಸ್ಸಿಲ್ಲದಾಗಲೂ ಎಚ್ಚರಿಸುವ ಮನಸ್ಸಿರುತ್ತದೆ. ಅದನ್ನು ತಿಳಿಸುವುದಕ್ಕೆ ಅವನಿಗಿರುವ ಲಿಪಿ ಅಂತರವೊಂದೇ.

ಈ ಲಿಪಿಯನ್ನು ಬಳ್ಳಾರಿಯ ಲೋಕಸಭಾ ಕ್ಷೇತ್ರ ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದಿದೆ. 1999ರಲ್ಲಿ ಸೋನಿಯಾ ಗಾಂಧಿಯವರೂ ಸುಷ್ಮಾ ಸ್ವರಾಜರೂ ಇಲ್ಲಿ ಎದುರುಬದುರಾದಾಗ ದೇಶವೇ ತಿರುಗಿ ನೋಡಿತು. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು. ಕನ್ನಡದ ಮೇಷ್ಟರಾದ ನಮಗೆ ಅದು ಹಬ್ಬ. ಗೆದ್ದವರು ಸೋನಿಯಾ, ಗೆದ್ದು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. ಬಲುದೊಡ್ಡ ಕುದುರೆಯನ್ನು ಗೆಲ್ಲಿಸಿದರೆ ಅದು ಊರಿನ ಲಾಯದಲ್ಲಿ ನಿಲ್ಲದೆಂಬ ಪಾಠ ಅಂದು ಸಿಕ್ಕಿತು. 2018ರ ನವೆಂಬರಿನ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಆರು ತಿಂಗಳು ಕಳೆದು 2019ರ ಮೇ ಬಂದಾಗ ಅವರೇ ಭಾರತೀಯ ಜನತಾ ಪಕ್ಷದ ವೈ. ದೇವೇಂದ್ರಪ್ಪನವರಿಗೆ ಸುಮಾರು ಐವತ್ತೈದು ಸಾವಿರದಿಂದ ಸೋತರು. ಆರು ತಿಂಗಳಲ್ಲಿ ಉಗ್ರಪ್ಪನವರು ಬದಲಾಗಿರಲಿಲ್ಲ, ಊರೂ ಬದಲಾಗಿರಲಿಲ್ಲ, ಪ್ರಶ್ನೆ ಬದಲಾಗಿತ್ತು. ಮೊದಲನೆಯದು ಬಳ್ಳಾರಿಯನ್ನು ಕುರಿತ ಪ್ರಶ್ನೆ, ಎರಡನೆಯದು ದೆಹಲಿಯನ್ನು ಕುರಿತದ್ದು. ಒಂದೇ ಬೆರಳು ಎರಡು ಪ್ರಶ್ನೆಗಳಿಗೆ ಎರಡು ಉತ್ತರ ಬರೆದರೆ ಅದನ್ನು ಚಂಚಲತೆಯೆನ್ನುವ ಅಧ್ಯಾಪಕ ಪರೀಕ್ಷೆಯ ಕಾಗದಗಳನ್ನು ತಿದ್ದಲು ಯೋಗ್ಯನಲ್ಲ.

ಕೊನೆಗೆ ಕಂಪ್ಲಿ. ಕುಮಾರರಾಮನ ಈ ಊರಿಗೆ ಸಾಹಸದ ಕಥೆಗಳ ಕೊರತೆಯಿಲ್ಲ. ಕೊರತೆಯಿರುವುದು ಸೇತುವೆಯ ಎತ್ತರದಲ್ಲಿ. ಅಣೆಕಟ್ಟಿನಿಂದ ಒಂದೂವರೆ ಲಕ್ಷ ಕ್ಯೂಸೆಕ್ಸಿನಷ್ಟು ನೀರು ಬಿಟ್ಟರೆ ಗಂಗಾವತಿಯ ಕಡೆಗೆ ಹೋಗುವ ಸೇತುವೆ ತುಂಗಭದ್ರೆಯಲ್ಲಿ ಮುಳುಗುತ್ತದೆ. ಆಗ ಆಚೆ ದಡದ ಶಾಲೆ, ಆಸ್ಪತ್ರೆ, ಸಂತೆ, ಬೀಗರ ಮನೆ, ಎಲ್ಲವೂ ಬಳಸುದಾರಿಯ ಪ್ರಯಾಣ. 2013ರಲ್ಲಿ ಈ ಊರು ಶ್ರೀರಾಮುಲು ಕಟ್ಟಿದ ಬಿ.ಎಸ್.ಆರ್. ಕಾಂಗ್ರೆಸ್ಸಿನ ಸುರೇಶ್‌ಬಾಬು ಅವರನ್ನು ಗೆಲ್ಲಿಸಿತು. 2008ರಲ್ಲಿ ಅವರೇ ಭಾರತೀಯ ಜನತಾ ಪಕ್ಷದಿಂದ ಗೆದ್ದಿದ್ದರು. 2018, 2023ರಲ್ಲಿ ಕಾಂಗ್ರೆಸ್ಸಿನ ಜೆ.ಎನ್. ಗಣೇಶ್. ಪಕ್ಷ ಮೂರು, ಸೇತುವೆ ಅದೇ. ಹೊಸ ಜಿಲ್ಲೆ ಮಾತಿಗೆ ಬಂದಾಗ ಕಂಪ್ಲಿಯ ಹೆಸರೂ ಕೇಳಿಬಂದಿತ್ತು. ಹೊಸಪೇಟೆ ಹತ್ತಿರವಾಗಿದ್ದರೂ ಕಡೆಗೆ ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿಯಿತು. ನದಿಯ ದಂಡೆಯಲ್ಲಿ ಚಹದ ಅಂಗಡಿಯಿಟ್ಟವರು ಒಮ್ಮೆ ನಗುತ್ತ ಹೇಳಿದರು: “ಸೇತುವಿ ಮುಳುಗಿದಾಗ ಎಲ್ಲಾ ಪಾರ್ಟಿಯೋರೂ ಬಂದು ದಂಡಿ ಮ್ಯಾಲೆ ನಿಂತು ಫೋಟೋ ತೆಗಿಸ್ಕೊಂಡು ಹೋಗ್ತಾರ್ರಿ. ನೀರು ಇಳದ ಮ್ಯಾಲೆ ನಾವಷ್ಟ ಇರ್ತೀವಿ.”

ಸೇತುವೆಗಿಂತ ದೊಡ್ಡದು ಕಾಲುವೆ. ಕಂಪ್ಲಿಯ ಗದ್ದೆಗಳಿಗೆ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ. ಯಾವ ಚುನಾವಣೆಗೂ ನಿಲ್ಲದೆ ಹೋದ ಆ ಅರಸರ ಕೆಲಸವನ್ನು ಕಂಡು ಒಮ್ಮೊಮ್ಮೆ ನನಗೆ ನಗು ಬರುತ್ತದೆ. ಈಗ ಅವಕ್ಕೂ ನೀರು ಬರಬೇಕಾದದ್ದು 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನಿಂದಲೇ. 133 ಟಿ.ಎಂ.ಸಿ. ಎಂದು ಕಟ್ಟಿದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ್ದ ನೀರು ನದಿಯ ಪಾಲಾಗುತ್ತಿದ್ದ ಆ ವಾರ ಹೊಸಪೇಟೆಯಿಂದ ಕಂಪ್ಲಿಯವರೆಗೆ ಯಾರ ಮನೆಯಲ್ಲಿಯೂ ಬೇರೆ ಮಾತಿರಲಿಲ್ಲ. ಕನ್ನಯ್ಯ ನಾಯ್ಡು ಎಂಬ ವೃದ್ಧ ಎಂಜಿನಿಯರರ ಮೇಲ್ವಿಚಾರಣೆಯಲ್ಲಿ ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಹಲಗೆಗಳನ್ನು ಇಳಿಸಿದಾಗ ಜನ ಚುನಾವಣೆಯಲ್ಲಿ ಗೆದ್ದವರಿಗಿಂತ ಹೆಚ್ಚಾಗಿ ಆ ಮುದುಕರನ್ನು ಕೊಂಡಾಡಿದರು.

ಆದರೆ ಆ ಗೇಟು ಯಾವ ಶಾಸಕನ ಕೈಯಲ್ಲಿಯೂ ಇಲ್ಲ. ಅಣೆಕಟ್ಟನ್ನು ನೋಡಿಕೊಳ್ಳುವುದು ರಾಜ್ಯಗಳ ನಡುವಣ ತುಂಗಭದ್ರಾ ಮಂಡಳಿ. ಯಾವ ಕಾಲುವೆಗೆ ಎಂದಿನಿಂದ ಎಂದಿನವರೆಗೆ ನೀರು ಎಂಬುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಇತ್ಯರ್ಥವಾಗಬೇಕು. ಕಂಪ್ಲಿಯ ರೈತನಿಗೆ ಇದು ತಿಳಿಯದ ಸಂಗತಿಯಲ್ಲ. ‘ಹಂಗಾದ್ರೆ ಓಟು ಯಾತಕ್ಕ ಹಾಕ್ತೀರಿ?’ ಎಂದು ಕೇಳಿದಾಗ ಒಬ್ಬ ರೈತನು, “ಆ ಮೀಟಿಂಗಿನ್ಯಾಗ ನಮ್ಮ ಪರವಾಗಿ ಮೇಜು ಗುದ್ದೋನು ಒಬ್ಬ ಬೇಕಲ್ರಿ. ಸೋತೋನ್ನ ಆ ಬಾಗಿಲ ಒಳಗ ಬಿಡಾದಿಲ್ಲ” ಎಂದ. ನಾನು ಪುಸ್ತಕದಲ್ಲಿ ಹುಡುಕುತ್ತಿದ್ದ ಉತ್ತರ ಅದರಲ್ಲಿತ್ತು. ಅವನಿಗೆ ಗೆಲ್ಲುವ ಕುದುರೆ ಬೇಕಾದದ್ದು ಕುದುರೆಯ ಮೋಹಕ್ಕಲ್ಲ, ನೀರಿಗಾಗಿ.

33 ಗೇಟುಗಳನ್ನೂ ಬದಲಾಯಿಸಬೇಕೆಂದು ತಜ್ಞರು ಹೇಳಿದರು. 2025ರ ಮುಂಗಾರಿನಲ್ಲಿ ಮಳೆ ಚೆನ್ನಾಗಿಯೇ ಬಂದಿದ್ದರೂ ಜಲಾಶಯದಲ್ಲಿ 80 ಟಿ.ಎಂ.ಸಿ.ಗಿಂತ ಹೆಚ್ಚು ನಿಲ್ಲಿಸಬಾರದೆಂದು ಮಿತಿ ಹಾಕಿದರು. ಮಿಕ್ಕ ನೀರು ಹಳೆಯ ಗೇಟುಗಳನ್ನು ದಾಟಿ, ಹಂಪೆಯ ಕಲ್ಲುಗಳ ನಡುವೆ ಹಾದು, ಕಂಪ್ಲಿಯ ಸೇತುವೆಯ ಕಡೆಗೆ ಹೋಯಿತು. ಆ ದಿನಗಳಲ್ಲಿ ನಾನು ಕಂಪ್ಲಿಗೆ ಹೋದಾಗಲೆಲ್ಲ ಕಟ್ಟೆಯ ಮೇಲಿನ ಮಾತು ಎರಡನೆಯ ಬೆಳೆಯದೇ ಆಗಿತ್ತು. ಮುಂದಿನ ಸಲ ಟಿಕೆಟ್ಟು ಯಾರಿಗೆಂದು ಒಬ್ಬ ಹುಡುಗ ಕೇಳಿದ. ಹಿರಿಯರು ಅವನಿಗೆ ಉತ್ತರ ಕೊಡದೆ, ಸಲಹಾ ಸಮಿತಿಯ ಸಭೆ ಯಾವಾಗ ಎಂದು ನನ್ನನ್ನು ಕೇಳಿದರು.